ನೀನು ಯಾರ ಪೈಕಿ?

ನಮ್ಮ ರೋಣ, ಗಜೇಂದ್ರಗಡಗಳ ಕಡೆಯ ಯಾವ ಹಳ್ಳಿಗೆ ಹೋದರೂ ಹೊಸಬರಿಗೆ ಮೊದಲು ಕುಡಿಯಲು ನೀರು ಕೊಡುವರು, ಆಮೇಲೆ "ನೀನು ಯಾರ ಪೈಕಿ, ತಂಗೀ?" ಎಂದು ಕೇಳುವರು. ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಬಲ್ಲವರು ಭಾಗ್ಯವಂತರು. ತಂದೆಯ ಕಡೆಗೆ ಒಂದು ಜನಾಂಗ, ತಾಯಿಯ ಕಡೆಗೆ ಇನ್ನೊಂದು, ಹೀಗಿರುವ ಮನೆಯಲ್ಲಿ ಹುಟ್ಟಿದ ಮಕ್ಕಳು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ತಂಬಿಗೆಯ ನೀರು ಬೆಚ್ಚಗಾಗುವುದು. ಅಂಥವರು ನಗೆಯ ಆಸರೆಯಿಂದ ಈ ಪ್ರಶ್ನೆಯನ್ನು ಹೇಗೆ ಎದುರಿಸುವರೆಂಬದನ್ನು ನಮ್ಮ ವಿದ್ಯಾರ್ಥಿನಿಯರ ತಿಳುವಳಿಕೆಗಾಗಿ ಬರೆಯಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ವಸತಿಗೃಹದಲ್ಲಿ ಒಬ್ಬ ಹುಡುಗಿಯಿದ್ದಳು. ಆಕೆಯ ತಾಯಿಯ ತವರು ಪುರ್ತಗೇರಿ. ತಂದೆಯಾದರೋ ಹುಬ್ಬಳ್ಳಿಯ ರೈಲ್ವೆ ವಸತಿಯಲ್ಲಿ ಬೆಳೆದ ಆಂಗ್ಲೋ-ಇಂಡಿಯನ್ ಮನೆತನದವರು. ಹುಡುಗಿಯ ಮೈಬಣ್ಣ ತಾಯಿಯದು, ಕಣ್ಣುಗಳು ಮಾತ್ರ ಬೂದುಬಣ್ಣದವು. ಮೂವರು ಹುಡುಗಿಯರು ಆಕೆಯನ್ನು "ಬೆಕ್ಕಿನ ಕಣ್ಣಿನವಳು" ಎಂದು ಕರೆಯತೊಡಗಿದರು. ಇದನ್ನು ಕೇಳಿ ನಾನು ತರಗತಿಗೆ ಹೋಗಿ ಅರ್ಧ ತಾಸು ಉಪದೇಶ ಮಾಡಿದೆನು. ಅದರ ಫಲವೇನಾಯಿತೆಂದರೆ, ಮೊದಲು ಮೂವರು ಮಾತ್ರ ನೋಡುತ್ತಿದ್ದ ಆ ಕಣ್ಣುಗಳನ್ನು ಮರುದಿನದಿಂದ ಮೂವತ್ತು ಮಂದಿ ಕನಿಕರದಿಂದ ನೋಡಹತ್ತಿದರು. ಹುಡುಗಿ ಊಟ ಬಿಟ್ಟಳು. ಉಪಾಧ್ಯಾಯರ ಸದುದ್ದೇಶವು ಮಕ್ಕಳಿಗೆ ಎಷ್ಟು ಭಾರವಾಗಬಲ್ಲದೆಂಬದನ್ನು ನಾನು ಅಂದು ಕಲಿತೆನು.

ಆ ಶನಿವಾರ ಪುರ್ತಗೇರಿಯಿಂದ ಆಕೆಯ ಅಜ್ಜಿ ಖಡಕ್ ರೊಟ್ಟಿಯ ಗಂಟು ಹೊತ್ತುಕೊಂಡು ಬಂದರು. ಎಲ್ಲವನ್ನೂ ಕೇಳಿ, ಹುಡುಗಿಯರ ಎದುರಿಗೇ, "ನಮ್ಮ ಎಮ್ಮಿಕರದ ಹಣ್ಯಾಗೂ ಬಿಳಿ ಚಂದ್ರ ಐತಿ. ಅದರಪ್ಪ ಏನು ಹಡಗ ಹತ್ತಿ ಬಂದಿತ್ತೇನವ್ವಾ?" ಎಂದರು. ಎಲ್ಲರಿಗಿಂತ ಮೊದಲು ನಕ್ಕವಳು ಆ ಹುಡುಗಿಯೇ. ರೊಟ್ಟಿಯನ್ನು ಆ ಮೂವರೂ ಹಂಚಿಕೊಂಡು ತಿಂದರು.

ಇಂಥ ಮನೆಗಳು ಕನ್ನಡನಾಡಿಗೆ ಹೊಸವಲ್ಲ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರ ಹೆಸರನ್ನೂ ತಮ್ಮ ಹೆಸರಿನೊಡನೆ ಧರಿಸಿದರು. ಬಾಸೆಲಿನಲ್ಲಿ ವ್ಯಾಸಂಗ ಮಾಡಿ ಬಂದ ಅವರು, ಮೊದಲ ಪತ್ನಿ ತೀರಿಕೊಂಡ ಮೇಲೆ 1860ರಲ್ಲಿ ಜರ್ಮನ್ ಕನ್ಯೆಯಾದ ಮಾರೀ ರೈನ್‌ಹಾರ್ಟ್ ಎಂಬವರನ್ನು ಮದುವೆಯಾದರು. ಆ ಕಾಲದಲ್ಲಿ ಬಾಸೆಲ್ ಮಿಶನಿನ ಸೇವಕರು ಮದುವೆಯಾಗಬೇಕಾದರೆ ಅಲ್ಲಿಯ ಕಮಿಟಿಯ ಅಪ್ಪಣೆ ಬೇಕಾಗಿತ್ತು; ಎಷ್ಟೋ ಕನ್ಯೆಯರು ವರನ ಮುಖವನ್ನೇ ಕಾಣದೆ ಹಡಗು ಹತ್ತುತ್ತಿದ್ದರು. ಹೆಣ್ಣು ಗೊತ್ತುಮಾಡುವುದರಲ್ಲಿ ನಮ್ಮ ಸೋದರಮಾವಂದಿರೇ ಗಟ್ಟಿಗರೆಂದು ತಿಳಿದವರು ಆ ಕಮಿಟಿಯ ಹಿರಿಯರನ್ನು ನೆನೆಯಬೇಕು.

ಮೈಸೂರು ಸೀಮೆಯಲ್ಲಿ 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರವರು ಇಂಥ ಕುಟುಂಬಗಳ ಒಕ್ಕಲುತನಕ್ಕಾಗಿ ಬೆಂಗಳೂರಿನ ಹತ್ತಿರ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಕಾರ್ಯಕ್ಕೆ ದುಡಿದ ವೈಟ್ ಎಂಬವರ ಹೆಸರಿನಿಂದ ಅಲ್ಲಿಯ ಊರು ವೈಟ್‌ಫೀಲ್ಡ್ ಆಯಿತು. ಶಬ್ದಾರ್ಥ ಮಾಡಿದರೆ ಬಿಳಿ ಹೊಲ! ನಮ್ಮ ಎರೆಭೂಮಿಯವರಿಗೆ ಹೇಳಿದರೆ ಬಿಳಿಜೋಳ ಬೆಳೆಯುವರೇನೋ ಎಂದಾರು.

ಹೆಸರಿನ ಗೊಂದಲವೂ ಸಣ್ಣದಲ್ಲ. ಮೊದಲು ಇವರನ್ನು ಯುರೇಷಿಯನ್ನರೆಂದೂ, ಹಿಂದುಸ್ಥಾನದಲ್ಲಿ ನೆಲೆನಿಂತ ಅಚ್ಚ ಇಂಗ್ಲಿಷರನ್ನು ಆಂಗ್ಲೋ-ಇಂಡಿಯನ್ನರೆಂದೂ ಕರೆಯುತ್ತಿದ್ದರು. 1911ರ ಜನಗಣತಿಯ ವೇಳೆಗೆ ಎರಡನೆಯ ಹೆಸರನ್ನು ಇವರಿಗೇ ಕೊಟ್ಟರು. ಜನರು ಇದ್ದಲ್ಲಿಯೇ ಇದ್ದರು, ಹೆಸರು ಮಾತ್ರ ಮನೆ ಬದಲಿಸಿತು. ನಮ್ಮ ಸಂವಿಧಾನದ 366ನೆಯ ಅನುಚ್ಛೇದವು ಆಂಗ್ಲೋ-ಇಂಡಿಯನ್ನರು ಯಾರೆಂಬದನ್ನು ವಿವರಿಸುತ್ತದೆ. ತಂದೆಯಾಗಲಿ, ತಂದೆಯ ಗಂಡುಸಾಲಿನಲ್ಲಿ ಮೇಲಿನ ಯಾವನೇ ಹಿರಿಯನಾಗಲಿ ಯೂರೋಪಿಯನ್ ವಂಶದವನಾಗಿರಬೇಕು. ತಾನು ಇಲ್ಲಿಯೇ ನೆಲೆಸಿದ ತಂದೆತಾಯಿಗಳಿಗೆ ಇಲ್ಲಿಯೇ ಹುಟ್ಟಿರಬೇಕು. ತಾಯಿಯ ವಿಷಯಕ್ಕೆ ಅಲ್ಲಿ ಒಂದು ಮಾತೂ ಇಲ್ಲ.

ಓದುವ ಹುಡುಗಿಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆರು ತಲೆಮಾರಿನ ಹಿಂದೆ ಒಬ್ಬನೇ ಒಬ್ಬ ಯೂರೋಪಿಯನ್ ಅಜ್ಜನಿದ್ದವರೂ ಈ ಲೆಕ್ಕಕ್ಕೆ ಸೇರುವರು. ಹೆತ್ತ ತಾಯಿಯೇ ಜರ್ಮನಿಯಿಂದ ಬಂದಿದ್ದರೂ ಕೌಂಡಿನ್ಯರ ಮಕ್ಕಳು ಈ ಲೆಕ್ಕಕ್ಕೆ ಸೇರರು. ನಮ್ಮ ಹುಡುಗಿಯ ಅಣ್ಣನ ಮಕ್ಕಳು ಆಂಗ್ಲೋ-ಇಂಡಿಯನ್ನರು. ಆಕೆ ಗದಗಿನ ವರನನ್ನು ಮದುವೆಯಾದರೆ ಆಕೆಯ ಮಕ್ಕಳು ಅಲ್ಲ. ಅಣ್ಣತಂಗಿಯರಲ್ಲಿ ಹರಿಯುವ ರಕ್ತ ಒಂದೇ, ಆದರೆ ಹೆಣ್ಣಿನ ಮೈಯಿಂದ ದಾಟುವಾಗ ಅದು ನೀರಾಗುವುದಂತೆ! ಇದನ್ನು ಪೌರನೀತಿಯ ಪಾಠದಲ್ಲಿ ವಿವರಿಸಿದಾಗ ಆಕೆ ಎದ್ದುನಿಂತು, "ಹಾಗಾದರೆ ಮಿಸ್ಸಮ್ಮನವರೇ, ನನ್ನ ಕಣ್ಣುಗಳು ನನ್ನ ಮಗಳಿಗೆ ಬಂದರೆ ಸರಕಾರಕ್ಕೆ ಹಿಂತಿರುಗಿಸಬೇಕೋ?" ಎಂದು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಲೋಕಸಭೆಗೆ ಈ ಸಮಾಜದ ಇಬ್ಬರನ್ನು ನಾಮಕರಣ ಮಾಡುವ ಏರ್ಪಾಡು 2020ರ ಜನವರಿಯಲ್ಲಿ ನಿಂತಿತು. ವಿವರಣೆ ಮಾತ್ರ ಪುಸ್ತಕದಲ್ಲಿ ಉಳಿದಿದೆ.

ಮನೆಯೊಳಗಿನ ನಿರೀಕ್ಷೆಗಳು ಕಾನೂನಿಗಿಂತ ಬಿಗಿಯಾದವು. ಹುಬ್ಬಳ್ಳಿಯ ಸೋದರತ್ತೆ ಆಕೆ ಫ್ರಾಕು ತೊಟ್ಟು ಇಂಗ್ಲಿಷಿನಲ್ಲಿಯೇ ಮಾತಾಡಬೇಕೆನ್ನುವರು. ಪುರ್ತಗೇರಿಯ ಮಾವ ಇಲಕಲ್ಲ ಸೀರೆ, ಕೈತುಂಬ ಬಳೆ ಎನ್ನುವರು. ತಾಯಿತಂದೆಗಳ ಮದುವೆಯ ದಿನ ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಕುಳಿತು ಮಾತಿಲ್ಲದೆ ಉಣ್ಣುತ್ತಿದ್ದರಂತೆ. ಹುಬ್ಬಳ್ಳಿಯವರೊಬ್ಬರು "ಪೆಪ್ಪರ್ ವಾಟರ್" ಬೇಕೆಂದರು. ಬಡಿಸುವವರು ಗಾಬರಿಯಾಗಿ ಮೆಣಸಿನಪುಡಿಯನ್ನೂ ನೀರನ್ನೂ ಬೇರೆ ಬೇರೆಯಾಗಿ ತಂದಿಟ್ಟರು. ಬೇಕಾಗಿದ್ದುದು ಎದುರಿಗೇ ಇದ್ದ ಸಾರು! ಇಂಗ್ಲಿಷರ ಮೇಜಿನ ಮೇಲಿನ ಮಲ್ಲಿಗಟಾನಿಯೆಂಬ ಹೆಸರೂ ತಮಿಳಿನ ಮಿಳಗು-ತಣ್ಣೀರ್, ಅಂದರೆ ಮೆಣಸಿನ ನೀರೇ. ಆ ಪಂಕ್ತಿಯ ನಗೆಯಿಂದಲೇ ಬೀಗರ ನಡುವೆ ಮಾತು ಹುಟ್ಟಿತೆಂದು ಅಜ್ಜಿ ಹೇಳುತ್ತಿದ್ದರು.

ಆದರೂ ಎಲ್ಲ ನಗೆಯೂ ಒಂದೇ ತರದ್ದಲ್ಲ. ಹಿಂದಿನ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಈ ದೇಶದ ಕಪ್ಪು ಅಜ್ಜಿಯ ಭಾವಚಿತ್ರವನ್ನು ಪೆಟ್ಟಿಗೆಯ ತಳದಲ್ಲಿಟ್ಟು, ಮೊಮ್ಮಕ್ಕಳ ಮೈಬಣ್ಣಕ್ಕೆ ಸ್ಪೇನ್ ದೇಶದ ಅಜ್ಜಿಯೊಬ್ಬಳನ್ನು ಕಲ್ಪಿಸಿ ಹೇಳುತ್ತಿದ್ದರು. ಇದನ್ನು ಅವರ ಮೊಮ್ಮಕ್ಕಳು ಹೇಳಿ ನಗಬಹುದು. ನಾವು ಹೇಳಿ ನಕ್ಕರೆ ಅದು ಇರಿತವಾಗುವುದು. ಆ ಪೆಟ್ಟಿಗೆಯೊಳಗಿನ ಅಜ್ಜಿಗಂತೂ ಯಾರ ನಗೆಯೂ ತಲುಪಲಿಲ್ಲ.

ನಮ್ಮ ಹುಡುಗಿ ಶಾಲೆ ಬಿಡುವಾಗ ಕಾಲೇಜಿನ ಅರ್ಜಿಯನ್ನು ತುಂಬಿ ನನ್ನ ಸಹಿಗಾಗಿ ತಂದಳು. ತಾಯ್ನುಡಿ ಎಂಬಲ್ಲಿ ಕನ್ನಡ ಎಂದು ಬರೆದಿದ್ದಳು. ಊರು ಎಂಬಲ್ಲಿ ದುಂಡಗಿನ ಅಕ್ಷರಗಳಲ್ಲಿ "ಪುರ್ತಗೇರಿ" ಎಂದು ಬರೆದು, ಪಕ್ಕದಲ್ಲಿ ಚಿಕ್ಕದಾಗಿ "ಪೋರ್ತುಗಾಲ್ ಅಲ್ಲ" ಎಂದು ಸೇರಿಸಿದ್ದಳು. ಗುಮಾಸ್ತರು ಅದನ್ನು ಹೊಡೆದುಹಾಕಲು ಲೇಖನಿ ಎತ್ತಿದರು. ಬೇಡವೆಂದು ಹೇಳಿ ನಾನು ಸಹಿ ಮಾಡಿದೆನು.