ಎಂಟು ತಿಂಗಳ ಎಡಚ

ಎಂಟು ತಿಂಗಳ ಕೂಸಿನ ಮುಂದೆ ಗಿಲಕಿ ಹಿಡಿಯಿರಿ. ಎಡಗೈ ಚಾಚುತ್ತದೆ. ಗಿಲಕಿಯನ್ನು ಬಲಕ್ಕೆ ಸರಿಸಿದರೂ ಎಡಗೈಯೇ ಎದೆಯ ಮೇಲಿಂದ ಅಡ್ಡ ಬಂದು ಕಸಿದುಕೊಳ್ಳುತ್ತದೆ. "ಇದರ ಅಜ್ಜನೂ ಎಡಚನೇ, ರಕ್ತ ಎಲ್ಲಿಗೆ ಹೋಗುತ್ತೆ!" ಎಂದು ಮನೆಮಂದಿ ನಗುತ್ತಾರೆ. ಮಕ್ಕಳ ಡಾಕ್ಟರು ಮಾತ್ರ ನಗುವುದಿಲ್ಲ. ಅವರ ಕಣ್ಣಿರುವುದು ಬಲಗೈಯ ಮೇಲೆ. ಅದು ಹೆಬ್ಬೆರಳನ್ನು ಒಳಗೆ ಮಡಚಿ, ಮುಷ್ಟಿ ಕಟ್ಟಿಕೊಂಡು, ಪಕ್ಕದಲ್ಲಿ ಸುಮ್ಮನೆ ಬಿದ್ದಿದೆ. ವರ್ಷ ತುಂಬುವ ಮೊದಲು ಮಕ್ಕಳಿಗೆ ಎಡ–ಬಲದ ಭೇದವಿಲ್ಲ. ಸಿಕ್ಕ ಕೈಯಲ್ಲಿ ಸಿಕ್ಕಿದ್ದನ್ನು ಬಾಯಿಗಿಡುವ ಪ್ರಾಯ ಅದು. ಅಷ್ಟು ಬೇಗ ಒಂದೇ ಕೈ ಗಟ್ಟಿಯಾಗಿದ್ದರೆ, ಇನ್ನೊಂದರ ಹಾದಿಯಲ್ಲಿ ಏನೋ ಕೆಟ್ಟಿರಬಹುದೆಂಬ ಸಂಶಯ ಏಳಲೇಬೇಕು.

ಆ ಹಾದಿ ಶುರುವಾಗುವುದು ತಲೆಗೆ ಹೇರ್‌ಬ್ಯಾಂಡ್ ಕೂರುವ ಜಾಗದ ಅಡಿಯಲ್ಲಿ, ಒಂದು ಕಿವಿಯ ಕಡೆಯಿಂದ ಇನ್ನೊಂದರ ಕಡೆಗೆ ಹಬ್ಬಿದ ಮಿದುಳಿನ ಪಟ್ಟಿಯಲ್ಲಿ. ಅಲ್ಲಿನ ಜೀವಕೋಶಗಳಿಂದ ಹೊರಟ ನರತಂತುಗಳು ಕಟ್ಟುಕಟ್ಟಾಗಿ ಇಳಿದು ಬೆನ್ನುಹುರಿ ಸೇರುತ್ತವೆ. ವೈದ್ಯರ ಭಾಷೆಯಲ್ಲಿ ಕಾರ್ಟಿಕೋಸ್ಪೈನಲ್ ಟ್ರ್ಯಾಕ್ಟ್; ನಾವು ಚಲನಹಾದಿ ಎನ್ನೋಣ. ಒಂದೊಂದು ಪಕ್ಕದಲ್ಲೂ ಸುಮಾರು ಹತ್ತು ಲಕ್ಷ ತಂತುಗಳು. ಕತ್ತಿಗೆ ಸ್ವಲ್ಪ ಮೇಲೆ, ಪಿರಮಿಡ್ ಎಂದು ಕರೆಯುವ ಉಬ್ಬುಗಳ ಹತ್ತಿರ, ಇವುಗಳಲ್ಲಿ ಶೇ. 80ರಿಂದ 90ರಷ್ಟು ತಂತುಗಳು ಎದುರು ಪಕ್ಕಕ್ಕೆ ದಾಟಿಕೊಳ್ಳುತ್ತವೆ. ಬಲಗೈಯ ಯಜಮಾನಿಕೆ ಎಡಮಿದುಳಿನದು, ಎಡಗೈಯದು ಬಲಮಿದುಳಿನದು ಎನ್ನುವುದು ಇದಕ್ಕೇ. ಕಾಲಿನ ಕಡೆಗೆ ಹೋಗುವ ತಂತು ದೊಡ್ಡವರಲ್ಲಿ ಅರ್ಧ ಮೀಟರಿಗೂ ಉದ್ದ, ನಡುವೆ ಎಲ್ಲೂ ಗಂಟಿಲ್ಲ.

ಹುಟ್ಟಿದಾಗ ಈ ಹಾದಿ ಇದೆ, ಆದರೆ ಪಳಗಿಲ್ಲ. ಗರ್ಭದ 24ನೇ ವಾರದ ಹೊತ್ತಿಗೆ ತಂತುಗಳ ತುದಿ ಕತ್ತಿನ ಮಟ್ಟದ ಬೆನ್ನುಹುರಿಯನ್ನು ಮುಟ್ಟಿರುತ್ತದೆ. ತಂತುವಿನ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಕೂತು ಸಂದೇಶ ವೇಗ ಪಡೆಯಲು ಇನ್ನೂ ವರ್ಷಗಳು ಬೇಕು. ಇದಕ್ಕೆ ಸಾಕ್ಷಿ ಬಾಣಂತಿಮನೆಯಲ್ಲೇ ಸಿಗುತ್ತದೆ. ಎಣ್ಣೆ ತಿಕ್ಕುವಾಗ ಕೂಸಿನ ಅಂಗಾಲಿನ ಹೊರಅಂಚನ್ನು ಹಿಮ್ಮಡಿಯಿಂದ ಬೆರಳಿನ ಕಡೆಗೆ ಗೀರಿದರೆ ಹೆಬ್ಬೆರಳು ಮೇಲಕ್ಕೇಳುತ್ತದೆ. ದೊಡ್ಡವರಲ್ಲಿ ಅದು ಕೆಳಕ್ಕೆ ಮಡಚಬೇಕು. ಮೇಲೆದ್ದರೆ ಚಲನಹಾದಿ ಕೆಟ್ಟಿದೆ ಎಂದು ಪ್ಯಾರಿಸ್ಸಿನ ಜೋಸೆಫ್ ಬಬಿನ್ಸ್ಕಿ 1896ರಲ್ಲಿ ತೋರಿಸಿದ. ಕೂಸಿನಲ್ಲಿ ಕೆಟ್ಟಿಲ್ಲ, ಹಾದಿ ಇನ್ನೂ ಬಲಿತಿಲ್ಲ, ಅಷ್ಟೆ.

ಇನ್ನೊಂದು ಗುಟ್ಟು ತಿಳಿದದ್ದು ಅದಕ್ಕಿಂತ ಬಹಳ ತಡವಾಗಿ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾನೆಟ್ ಐರ್ ಮತ್ತು ಸಂಗಡಿಗರು ಹಸುಗೂಸುಗಳ ತಲೆಯ ಮೇಲೆ ತಂತಿಸುರುಳಿ ಹಿಡಿದು, ಕ್ಷಣಮಾತ್ರದ ಕಾಂತೀಯ ತುಡಿತದಿಂದ ಮಿದುಳನ್ನು ಮೆಲ್ಲಗೆ ಎಚ್ಚರಿಸಿ ನೋಡಿದರು. ಎಡಮಿದುಳನ್ನು ತಟ್ಟಿದರೆ ಬಲಗೈಯ ಸ್ನಾಯು ಮಾತ್ರವಲ್ಲ, ಎಡಗೈಯದೂ ಮಿಡಿಯಿತು. ಅಂದರೆ ಹುಟ್ಟುವಾಗ ಒಂದೊಂದು ಕೈಗೂ ಇಬ್ಬರು ಯಜಮಾನರು. ಮುಂದಿನ ಎರಡು ವರ್ಷಗಳಲ್ಲಿ ಎದುರುಪಕ್ಕದ ತಂತುಗಳು ಬೆನ್ನುಹುರಿಯಲ್ಲಿ ಹೆಚ್ಚು ಹೆಚ್ಚು ಜಾಗ ಹಿಡಿಯುತ್ತವೆ, ಅದೇ ಪಕ್ಕದವು ಬಡಕಲಾಗಿ ಹಿಂದೆ ಸರಿಯುತ್ತವೆ. ಯಾರು ಉಳಿಯಬೇಕೆಂಬುದನ್ನು ತೀರ್ಮಾನಿಸುವುದು ದುಡಿಮೆ. ಹೆಚ್ಚು ಸಂದೇಶ ಕಳಿಸಿದ ತಂತುವಿಗೆ ಜಾಗ.

ಈಗ ಹುಟ್ಟುವ ಮೊದಲೋ ಹುಟ್ಟಿನ ಹೊತ್ತಿಗೋ ಎಡಮಿದುಳಿನ ಒಂದು ರಕ್ತನಾಳ ಕಟ್ಟಿತು ಎಂದಿಟ್ಟುಕೊಳ್ಳಿ. ಮುದುಕರಿಗಷ್ಟೇ ಬರುತ್ತದೆ ಎಂದು ನಾವು ನಂಬಿರುವ ಲಕ್ವ ಹೊಟ್ಟೆಯೊಳಗಿನ ಕೂಸಿಗೂ ಬರುತ್ತದೆ. ಒಂದಷ್ಟು ತಂತು ಸತ್ತವು, ಒಂದಷ್ಟು ಉಳಿದವು. ಉಳಿದವು ಕಡಿಮೆಯಾದ್ದರಿಂದ ಅವುಗಳ ದನಿಯೂ ಕ್ಷೀಣ. ಅತ್ತ ಬಲಮಿದುಳು ಗಟ್ಟಿಮುಟ್ಟಾಗಿದೆ. ಎಡಗೈಯ ಜೊತೆಗೆ ಬಲಗೈಯತ್ತಲೂ ಅದರ ಬೇರುಗಳಿವೆ. ಎದುರಾಳಿ ಸೊರಗಿದ್ದರಿಂದ ಅವು ಹಿಂದೆ ಸರಿಯುವುದಿಲ್ಲ, ಇನ್ನೂ ಹಬ್ಬುತ್ತವೆ. ಕಾಯಿಲೆ ಬಿದ್ದ ರೈತನ ಹೊಲದ ಬದುವನ್ನು ಪಕ್ಕದವನು ವರ್ಷಕ್ಕೆ ಒಂದೊಂದು ಮೊಳ ಒತ್ತುತ್ತ ಬಂದ ಹಾಗೆ. ರೈತ ಎದ್ದು ಬರುವಷ್ಟರಲ್ಲಿ ಉಳಲು ಜಾಗವಿಲ್ಲ. ಹೀಗೆ ಬರುವ ಚಲನೆಯ ತೊಂದರೆಯನ್ನು ವೈದ್ಯರು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಅದರ ಬಗ್ಗೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಸಂಗತಿ: ಗಾಯ ಒಂದು ದಿನದ್ದು, ಒತ್ತುವರಿ ತಿಂಗಳುಗಟ್ಟಲೆ ನಡೆಯುವಂಥದ್ದು. ಪಠ್ಯಪುಸ್ತಕಗಳು "ಬೆಳೆಯುವ ಮಿದುಳಿಗಾದ, ಮುಂದೆ ಹೆಚ್ಚದ ಗಾಯ" ಎಂದು ವ್ಯಾಖ್ಯೆ ಕೊಡುತ್ತವೆ. ಗಾಯ ಹೆಚ್ಚುವುದಿಲ್ಲ, ನಿಜ. ಅದರ ಸುತ್ತಲಿನ ಊರು ಮಾತ್ರ ಬದಲಾಗುತ್ತಲೇ ಇರುತ್ತದೆ.

ಇದನ್ನು ಖಚಿತಪಡಿಸಿದ್ದು ಬೆಕ್ಕಿನ ಮರಿಗಳು. ಅಮೆರಿಕದ ಜಾನ್ ಮಾರ್ಟಿನ್ ಮತ್ತು ತಂಡ ಮೂರರಿಂದ ಏಳು ವಾರದ ಮರಿಗಳಲ್ಲಿ ಒಂದು ಪಕ್ಕದ ಚಲನಕೇಂದ್ರವನ್ನು ಔಷಧಿಯಿಂದ ಸುಮ್ಮನಾಗಿಸಿತು. ಒಂದು ಕೋಶವೂ ಸಾಯಲಿಲ್ಲ. ಔಷಧಿ ನಿಲ್ಲಿಸಿದ ಮೇಲೂ ಎದುರಿನ ಮುಂಗಾಲು ಸರಿಹೋಗಲಿಲ್ಲ. ಮೌನವಾಗಿದ್ದ ಪಕ್ಕದ ತಂತುಗಳು ಬೆನ್ನುಹುರಿಯಲ್ಲಿ ನೆಲೆ ಕಳೆದುಕೊಂಡಿದ್ದವು. ಇನ್ನೊಂದು ಪಕ್ಕ ಎರಡೂ ಕಡೆ ಬೇರೂರಿತ್ತು. ಆಮೇಲೆ ಅವರು ಮಾಡಿದ್ದು ಜಾಣತನದ ಕೆಲಸ. ಗೆದ್ದ ಪಕ್ಕವನ್ನು ಕೆಲವು ವಾರ ಸುಮ್ಮನಾಗಿಸಿದರು. ಸೋತ ಪಕ್ಕ ಚೇತರಿಸಿಕೊಂಡು ಕಳೆದುಕೊಂಡ ನೆಲೆಯನ್ನು ಮತ್ತೆ ಹಿಡಿಯಿತು.

ಕಣ್ಣಿನ ಡಾಕ್ಟರಿಗೆ ಇದು ಹಳೆಯ ಕಥೆ. ಮಗುವಿನ ಒಂದು ಕಣ್ಣು ಮಂಜಾಗಿದ್ದರೆ ಮಿದುಳಿನಲ್ಲಿ ಅದರ ಪಾಲನ್ನು ಇನ್ನೊಂದು ಕಣ್ಣು ನುಂಗುತ್ತದೆ. ಆಮೇಲೆ ಕನ್ನಡಕ ಹಾಕಿದರೂ ಆ ಕಣ್ಣಿಗೆ ಸರಿಯಾಗಿ ಕಾಣದು; ಅದೇ 'ಸೋಮಾರಿ ಕಣ್ಣು'. ಬೆಕ್ಕಿನ ಮರಿಗಳಲ್ಲೇ ಇದನ್ನು ತೋರಿಸಿದ ಹ್ಯೂಬೆಲ್ ಮತ್ತು ವೀಸೆಲ್‌ಗೆ 1981ರಲ್ಲಿ ನೊಬೆಲ್ ಬಂತು. ಮದ್ದು ಎಲ್ಲರಿಗೂ ಗೊತ್ತು: ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ. ಒಂದು ಪಕ್ಕದ ಸೆರೆಬ್ರಲ್ ಪಾಲ್ಸಿಯೂ ಚಲನಹಾದಿಯ 'ಸೋಮಾರಿ ಕಣ್ಣು' ಇರಬಹುದೇ ಎಂದು ಐರ್ ಕೇಳಿದ್ದು 2007ರಲ್ಲಿ.

ಒತ್ತುವರಿದಾರನೇ ಬಲಗೈಯನ್ನೂ ಆಳಲಿ, ತಪ್ಪೇನು ಎನ್ನಬಹುದು. ಆಳುತ್ತಾನೆ, ಆದರೆ ಒಂದೇ ಕೇಂದ್ರದಿಂದ ಎರಡೂ ಕೈಗೆ ಆಜ್ಞೆ ಹೋದಾಗ ಒಂದು ಮಾಡಿದ್ದನ್ನು ಇನ್ನೊಂದು ಅಣಕಿಸುತ್ತದೆ. ಎಡಗೈಯಲ್ಲಿ ಚಾಕಲೇಟಿನ ಕಾಗದ ಹಿಂಡಿದರೆ ಬಲಗೈಯಲ್ಲಿರುವ ಕಾಗದದ ಲೋಟವೂ ಹಿಂಡಿ ಹಾಲು ಚೆಲ್ಲುತ್ತದೆ. ಅಂಗಿಯ ಗುಂಡಿ ಹಾಕುವುದು, ಜಡೆ ಹೆಣೆಯುವುದು, ಎರಡು ಕೈ ಎರಡು ಕೆಲಸ ಮಾಡಬೇಕಾದ ಎಲ್ಲವೂ ಕಷ್ಟ. ಜರ್ಮನಿಯ ಮಾರ್ಟಿನ್ ಸ್ಟೌಟ್ ಮತ್ತು ಸಂಗಡಿಗರು ಇದಕ್ಕಿಂತ ವಿಚಿತ್ರವಾದದ್ದನ್ನು ಕಂಡರು. ಸ್ಪರ್ಶದ ತಂತುಗಳು ಮಿದುಳಿನ ಮೇಲ್ಪದರ ತಲುಪುವುದು ಗರ್ಭದಲ್ಲಿ ತಡವಾಗಿ. ಗಾಯ ಅದಕ್ಕೂ ಮೊದಲೇ ಆಗಿದ್ದರೆ ಅವು ಗಾಯವನ್ನು ಬಳಸಿಕೊಂಡು ತಮ್ಮ ಹಳೆಯ ಎಡಮಿದುಳಿಗೇ ಹೋಗಿ ಸೇರುತ್ತವೆ. ಹಾಗಾಗಿ ಕೆಲವು ಮಕ್ಕಳಲ್ಲಿ ಬಲಗೈಯ ಚಲನೆ ಬಲಮಿದುಳಿನಲ್ಲಿ, ಅದೇ ಬಲಗೈಯ ಸ್ಪರ್ಶ ಎಡಮಿದುಳಿನಲ್ಲಿ! ಗಾಯ ಎಷ್ಟು ಬೇಗ ಆಗಿತ್ತೋ ಬಲಮಿದುಳಿನ ಆಳ್ವಿಕೆ ಅಷ್ಟು ವಾಸಿ. ತಡವಾಗಿ ಆದಾಗ ಅದರಿಂದ ಸಿಗುವ ಕೈಚಳಕ ಕಡಿಮೆ.

ಸೆರೆಬ್ರಲ್ ಪಾಲ್ಸಿ ಎಂದರೆ ಇದೊಂದೇ ಅಲ್ಲ. ಸಾವಿರ ಮಕ್ಕಳಲ್ಲಿ ಎರಡು-ಮೂರು ಮಕ್ಕಳನ್ನು ಮುಟ್ಟುವ ಈ ಸ್ಥಿತಿಗೆ ಹಲವು ರೂಪ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಮಿದುಳಿನ ನಡುವೆ ದ್ರವ ತುಂಬಿದ ಗೂಡುಗಳ ಅಂಚು ಪೆಟ್ಟು ತಿನ್ನುತ್ತದೆ. ಅಂಚಿಗೆ ಅಂಟಿಕೊಂಡೇ ಹೋಗುವುದು ಕಾಲಿನ ತಂತುಗಳಾದ್ದರಿಂದ ಕಾಲು ಸೆಡೆತು ತುದಿಗಾಲಲ್ಲಿ ನಡೆಯುತ್ತಾರೆ, ಕೈ ಬಹುತೇಕ ಪಾರಾಗುತ್ತದೆ. ಲಂಡನ್ನಿನ ವಿಲಿಯಂ ಲಿಟಲ್ 1861ರಲ್ಲಿ ಇದಕ್ಕೆಲ್ಲ ಕಷ್ಟದ ಹೆರಿಗೆಯೇ ಕಾರಣ ಎಂದ. 1897ರಲ್ಲಿ ಇನ್ನೊಬ್ಬ ವೈದ್ಯ, ಕೂಸಿಗೆ ಮೊದಲೇ ತೊಂದರೆಯಿದ್ದು ಅದರಿಂದಲೇ ಹೆರಿಗೆ ಕಷ್ಟವಾಗಿರಬಾರದೇಕೆ ಎಂದು ಕೇಳಿದ. ಆತ ಸಿಗ್ಮಂಡ್ ಫ್ರಾಯ್ಡ್, ಕನಸುಗಳ ಬೆನ್ನು ಹತ್ತುವ ಮೊದಲಿನ ನರವೈದ್ಯ. ಹೆರಿಗೆಯಲ್ಲಿ ಏನು ತಪ್ಪು ಮಾಡಿದೆನೋ ಎಂದು ತಮ್ಮನ್ನೇ ಹಳಿದುಕೊಳ್ಳುವ ತಾಯಂದಿರು ಫ್ರಾಯ್ಡನ ಈ ಒಂದು ಮಾತನ್ನಾದರೂ ಕೇಳಿರಬೇಕಿತ್ತು.

ಒಂದು ಪಕ್ಕದ ಸೆರೆಬ್ರಲ್ ಪಾಲ್ಸಿಗೆ, ಕಣ್ಣಿಗೆ ಕಟ್ಟುವ ಹಾಗೆ ಕೈಗೂ ಪಟ್ಟಿ ಕಟ್ಟುವ ಚಿಕಿತ್ಸೆ ಇದೆ. ಚುರುಕಾದ ಕೈಗೆ ಮೆತ್ತನೆಯ ಕೈಗವಸು ತೊಡಿಸಿ ಸೋತ ಕೈಯಿಂದ ಆಟವಾಡಿಸುವುದು. ಕಟ್ಟಿಹಾಕುವುದರಿಂದಲೇ ಕೆಲಸವಾಗುವುದಿಲ್ಲ. ಬೆಕ್ಕಿನ ಮರಿಗಳಲ್ಲೂ ಕಾಲು ಕಟ್ಟಿ ಜೊತೆಗೆ ತರಬೇತಿಯನ್ನೂ ಬೇಗ ಕೊಟ್ಟಾಗ ಮಾತ್ರ ಚಳಕ ಮರಳಿತು. ದಿನವಿಡೀ ಕಟ್ಟಿಟ್ಟರೆ ಒಳ್ಳೆಯ ಕೈಯ ಹಾದಿಯೇ ಸೊರಗುವ ಭಯವೂ ಉಂಟು. ಅದಕ್ಕೇ ಸ್ವೀಡನ್ನಿನ ಆನ್-ಕ್ರಿಸ್ಟಿನ್ ಎಲಿಯಾಸನ್ ತಂಡ ವರ್ಷ ತುಂಬದ ಶಿಶುಗಳಿಗೆ ದಿನಕ್ಕೆ ಅರ್ಧ ಗಂಟೆ ಮಾತ್ರ ಗೊತ್ತುಮಾಡಿತು. ಹೋಲಿಕೆಗೆ ಇನ್ನೊಂದು ಗುಂಪಿನ ಶಿಶುಗಳಿಗೆ ಮೈ ತಿಕ್ಕಿಸಿದರು. ಕೈಬಳಕೆ ಹೆಚ್ಚು ಸುಧಾರಿಸಿದ್ದು ಆಟವಾಡಿದ ಗುಂಪಿನಲ್ಲಿ. ಎಣ್ಣೆ ತಿಕ್ಕುವುದು ಹಿತವೇ, ಆದರೆ ಅಲ್ಲಿ ದುಡಿಯುವುದು ಅಜ್ಜಿಯ ಕೈ. ಸ್ವಲ್ಪ ದೊಡ್ಡ ಮಕ್ಕಳಿಗೆ ನ್ಯೂಯಾರ್ಕಿನ ಆಂಡ್ರ್ಯೂ ಗಾರ್ಡನ್ ರೂಪಿಸಿದ ದಾರಿ ಬೇರೆ: ಎರಡೂ ಕೈ ಬೇಕಾಗುವ ಆಟಗಳನ್ನು ದಿನಕ್ಕೆ ಆರು ಗಂಟೆಯಂತೆ ಹದಿನೈದು ದಿನ, ಒಟ್ಟು 90 ಗಂಟೆ ಆಡಿಸುವುದು.

ಇಷ್ಟೆಲ್ಲ ಶುರುವಾಗಬೇಕಾದರೆ ಮೊದಲು ಗೊತ್ತಾಗಬೇಕು. "ನೋಡೋಣ, ಕೆಲವು ಮಕ್ಕಳು ನಿಧಾನ" ಎಂದು ಒಂದೂವರೆ-ಎರಡು ವರ್ಷ ಕಾಯುವುದು ರೂಢಿ. ಆರು ತಿಂಗಳೊಳಗೇ ಬಹುಪಾಲು ಮಕ್ಕಳಲ್ಲಿ ಹೇಳಬಹುದು ಎಂದು 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಬರೆಯಿತು. ಇದಕ್ಕೆ ಎಂ.ಆರ್.ಐ. ನೆರವಾಗುತ್ತದೆ. ಆದರೆ ಆಸ್ಟ್ರಿಯಾದ ಹೈಂಟ್ಸ್ ಪ್ರೆಕ್ಟಲ್ ಕಲಿಸಿಕೊಟ್ಟ ಪರೀಕ್ಷೆಗೆ ಬೇಕಾಗುವುದು ಒಂದು ಚಾಪೆ, ಒಂದು ಕ್ಯಾಮೆರಾ, ನೋಡಲು ಪಳಗಿದ ಕಣ್ಣು. ಮೂರರಿಂದ ಐದು ತಿಂಗಳ ಕೂಸನ್ನು ಅಂಗಾತ ಮಲಗಿಸಿ, ಆಟಿಕೆ ತೋರಿಸದೆ, ಮಾತಾಡಿಸದೆ ಕೆಲವು ನಿಮಿಷ ವಿಡಿಯೊ ಮಾಡುತ್ತಾರೆ. ಆರೋಗ್ಯವಂತ ಕೂಸಿನ ಕತ್ತು, ಭುಜ, ಮಣಿಕಟ್ಟು, ಸೊಂಟ, ಪಾದಗಳಲ್ಲಿ ಆ ವಯಸ್ಸಿಗೆ ಸಣ್ಣ ಸಣ್ಣ ಚಡಪಡಿಕೆ ಎಡೆಬಿಡದೆ ಹರಿದಾಡುತ್ತದೆ. ಅದು ಕಾಣದಿದ್ದರೆ, ಅಥವಾ ಒಂದು ಕೈಯ ಬೆರಳು ಅರಳಿ ಮುಚ್ಚುವಾಗ ಇನ್ನೊಂದರ ಬೆರಳು ಮುಷ್ಟಿಯಲ್ಲೇ ಉಳಿದರೆ, ಡಾಕ್ಟರು ವಿಡಿಯೊವನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡುತ್ತಾರೆ.