ಎರಡು ರೂಪಾಯಿ ಚಿಪ್‌ಗೆ ಇಬ್ಬರು ಯಜಮಾನರು

ಚಿಪ್ ಎಂದೊಡನೆ ನಮ್ಮ ಪತ್ರಿಕೆಗಳು ನ್ಯಾನೋಮೀಟರ್ ಲೆಕ್ಕಕ್ಕೆ ಇಳಿಯುತ್ತವೆ. ಏಳು, ಐದು, ಮೂರು ಎಂದು ಅಂಕಿ ಕಿರಿದಾದಷ್ಟೂ ಅದನ್ನು ತಯಾರಿಸುವ ದೇಶ ಹಿರಿದು ಎಂಬ ಭಾವನೆ ಓದುಗರಲ್ಲೂ ಬೇರೂರಿದೆ. ಆದರೆ 2025ರ ಅಕ್ಟೋಬರ್‌ನಲ್ಲಿ ಜಗತ್ತಿನ ಕಾರು ತಯಾರಕರ ನಿದ್ದೆ ಕೆಡಿಸಿದ್ದು ಈ ಪಂದ್ಯದಲ್ಲಿ ಎಲ್ಲೂ ಇಲ್ಲದ ಸರಕು. ಡಯೋಡ್, ಟ್ರಾನ್ಸಿಸ್ಟರ್ ಮುಂತಾದ, ದಶಕಗಳಷ್ಟು ಹಳೆಯ ತಂತ್ರದಲ್ಲಿ ತಯಾರಾಗುವ ಬಿಡಿಭಾಗಗಳು. ಅವು ಸಿಗದೆ ಹೋಂಡಾ ಕಂಪನಿ ಮೆಕ್ಸಿಕೋದ ಸೆಲಾಯಾದಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸಿತು. ತಯಾರಿಸುತ್ತಿದ್ದವರು ನೆದರ್ಲೆಂಡ್ಸ್‌ನ ನೈಮೆಗನ್ ಪಟ್ಟಣದ ನೆಕ್ಸ್‌ಪೀರಿಯಾ. ಅದರ ಒಡೆಯ ಚೀನಾದ ವಿಂಗ್‌ಟೆಕ್. ಆ ಕಂಪನಿಯ ಹಿಡಿತಕ್ಕಾಗಿ ಡಚ್ ಮತ್ತು ಚೀನೀ ಸರ್ಕಾರಗಳ ನಡುವೆ ಎದ್ದ ಜಗಳವನ್ನು ಬಹುಮಂದಿ ರಾಜತಾಂತ್ರಿಕ ಹಗ್ಗಜಗ್ಗಾಟವೆಂದು ಓದಿದರು. ನನಗೆ ಅದರ ಬೀಜ ಕಾಣುವುದು ಚಿಪ್ ತಯಾರಾಗುವ ಬಗೆಯಲ್ಲಿ. ಅರೆವಾಹಕ ಉದ್ಯಮದಲ್ಲಿ ಕಂಪನಿ ಯಾರ ಹೆಸರಿನಲ್ಲಿದೆ ಎಂಬುದಕ್ಕಿಂತ, ಸಿಲಿಕಾನ್ ಯಾವ ಯಾವ ಊರು ದಾಟಿ ಗಿರಾಕಿಯ ಕೈ ಸೇರುತ್ತದೆ ಎಂಬುದೇ ಹಿಡಿತ ಯಾರದೆಂದು ತೀರ್ಮಾನಿಸುತ್ತದೆ.

ವಿಂಗ್‌ಟೆಕ್ ಹುಟ್ಟಿದ್ದು 2006ರಲ್ಲಿ, ಚಿಪ್ ಕಂಪನಿಯಾಗಿ ಅಲ್ಲ. ಬೇರೆಯವರ ಹೆಸರಿನಲ್ಲಿ ಮಾರಾಟವಾಗುವ ಫೋನುಗಳನ್ನು ವಿನ್ಯಾಸಗೊಳಿಸಿ ಜೋಡಿಸಿಕೊಡುವುದು ಅದರ ಕಸುಬಾಗಿತ್ತು. ಸ್ಥಾಪಕ ಝಾಂಗ್ ಶ್ವೆಝೆಂಗ್ ದೊಡ್ಡ ಪಾಲುದಾರ. ಅವರ ಜೊತೆಗೆ ಚೀನಾದ ಕೇಂದ್ರ ಮತ್ತು ಸ್ಥಳೀಯ ಸರ್ಕಾರಗಳ ಹೂಡಿಕೆ ನಿಧಿಗಳಿಗೂ ಕಂಪನಿಯಲ್ಲಿ ಸುಮಾರು ಶೇ. 30ರಷ್ಟು ಪಾಲಿದೆ ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು. ನೆಕ್ಸ್‌ಪೀರಿಯಾದ ವಂಶಾವಳಿ ಇದಕ್ಕಿಂತ ಹಳೆಯದು. ಫಿಲಿಪ್ಸ್ ತನ್ನ ಅರೆವಾಹಕ ವಿಭಾಗವನ್ನು 2006ರಲ್ಲಿ ಎನ್‌ಎಕ್ಸ್‌ಪಿ ಎಂದು ಬೇರ್ಪಡಿಸಿತು. ಅದರೊಳಗಿನ ಸಾಧಾರಣ ಬಿಡಿಭಾಗಗಳ ವಿಭಾಗ ಎನ್‌ಎಕ್ಸ್‌ಪಿಗೆ ಅಷ್ಟೇನೂ ಮೆರುಗಿನ ವ್ಯಾಪಾರವಾಗಿ ಕಾಣಲಿಲ್ಲ. ಜೆಎಸಿ ಕ್ಯಾಪಿಟಲ್ ಮತ್ತು ವೈಸ್ ರೋಡ್ ಕ್ಯಾಪಿಟಲ್ ಎಂಬ ಚೀನೀ ಹೂಡಿಕೆ ಸಂಸ್ಥೆಗಳು 275 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡವು. 2017ರಲ್ಲಿ ಅದು ನೆಕ್ಸ್‌ಪೀರಿಯಾ ಎಂಬ ಹೊಸ ಹೆಸರಿನಲ್ಲಿ ಹೊರಬಂತು. ಮುಂದಿನ ಎರಡು ಮೂರು ವರ್ಷಗಳಲ್ಲಿ ಅವರ ಪಾಲನ್ನು ಕಂತುಕಂತಾಗಿ ಕೊಂಡು ವಿಂಗ್‌ಟೆಕ್ ಒಡೆಯನಾಯಿತು. ಆಗ ಯುರೋಪಿನಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಅಗ್ಗದ ಡಯೋಡ್ ಮಾಡುವ ಕಂಪನಿ ಹೋದರೆ ಹೋಯಿತು ಎನ್ನುವ ಧಾಟಿಯೇ ಹೆಚ್ಚು.

ಆ ತಾತ್ಸಾರ ತಪ್ಪಾದದ್ದು ಏಕೆಂದು ತಿಳಿಯಲು ಈ ಬಿಡಿಭಾಗಗಳ ಕೆಲಸ ನೋಡಬೇಕು. ಶುದ್ಧ ಸಿಲಿಕಾನ್‌ಗೆ ರಂಜಕದಂಥ ಧಾತುವಿನ ಲೇಶ ಸೇರಿಸಿದರೆ ಅದರಲ್ಲಿ ಇಲೆಕ್ಟ್ರಾನುಗಳು ಹೆಚ್ಚಾಗುತ್ತವೆ. ಬೋರಾನ್ ಸೇರಿಸಿದರೆ ಇಲೆಕ್ಟ್ರಾನುಗಳ ಕೊರತೆಯ ತಾಣಗಳು ಉಂಟಾಗುತ್ತವೆ. ಈ ಎರಡು ಬಗೆಯ ಪದರಗಳು ಕೂಡುವ ಗಡಿಯಲ್ಲಿ ವಿದ್ಯುತ್ ಒಂದು ದಿಕ್ಕಿಗೆ ಸಲೀಸಾಗಿ ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಹರಿಯುವುದಿಲ್ಲ. ಅದೇ ಡಯೋಡ್. ಇದೇ ತತ್ವವನ್ನು ಬೆಳೆಸಿ, ಚಿಕ್ಕ ವೋಲ್ಟೇಜಿನ ಸನ್ನೆಯಿಂದ ದೊಡ್ಡ ವಿದ್ಯುತ್ ಪ್ರವಾಹವನ್ನು ಬಿಡುವ, ತಡೆಯುವ ಮಾಸ್‌ಫೆಟ್ ಮಾಡುತ್ತಾರೆ. ಕಾರಿನ ಕಿಟಕಿ ಏರಿಳಿಸುವ ಮೋಟಾರು, ದೀಪ, ಬ್ರೇಕಿನ ನಿಯಂತ್ರಕ, ಏರ್‌ಬ್ಯಾಗ್ ಎಲ್ಲದರ ಹಿಂದೆಯೂ ಇವೇ ಇರುತ್ತವೆ. ಒಣಹವೆಯಲ್ಲಿ ಬೆರಳು ತಾಗಿದಾಗ ಹಾರುವ ಸ್ಥಾಯೀವಿದ್ಯುತ್ತಿನ ಕಿಡಿ ಸಾವಿರಾರು ವೋಲ್ಟ್ ಇರಬಲ್ಲದು. ಅದನ್ನು ಬದಿಗೆ ಹರಿಸಿ, ಪಕ್ಕದ ದುಬಾರಿ ಪ್ರೊಸೆಸರನ್ನು ಕಾಪಾಡುವುದಕ್ಕೂ ಒಂದು ಪುಟ್ಟ ಡಯೋಡೇ ಬೇಕು. ಒಂದು ಕಾರಿನಲ್ಲಿ ನೆಕ್ಸ್‌ಪೀರಿಯಾದ ಇಂಥ ತುಣುಕುಗಳು ನೂರಾರು ಇರುತ್ತವೆ. ಪ್ರೊಸೆಸರ್ ಎಷ್ಟೇ ಚುರುಕಾಗಿರಲಿ, ಅದರ ಸನ್ನೆಯನ್ನು ಮೋಟಾರಿಗೆ ಮುಟ್ಟಿಸುವ ಮಾಸ್‌ಫೆಟ್ ಇಲ್ಲದಿದ್ದರೆ ಕಾರು ಕಾರ್ಖಾನೆಯ ಅಂಗಳ ಬಿಡುವುದಿಲ್ಲ.

ಇನ್ನು ಭೂಗೋಳ. ನೆಕ್ಸ್‌ಪೀರಿಯಾದ ಸಿಲಿಕಾನ್ ಕೆಲಸ ಮುಖ್ಯವಾಗಿ ನಡೆಯುವುದು ಜರ್ಮನಿಯ ಹ್ಯಾಂಬರ್ಗ್ ಮತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಕಾರ್ಖಾನೆಗಳಲ್ಲಿ. ಸಿಲಿಕಾನಿನ ತೆಳು ಬಿಲ್ಲೆಗೆ ವೇಫರ್ ಎಂದು ಹೆಸರು. 200 ಮಿಲಿಮೀಟರ್ ಅಡ್ಡಳತೆಯ ವೇಫರಿನ ವಿಸ್ತೀರ್ಣ ಸುಮಾರು 31,400 ಚದರ ಮಿಲಿಮೀಟರ್. ಒಂದು ಪುಟ್ಟ ಡಯೋಡಿಗೆ 0.3 ಮಿಲಿಮೀಟರ್ ಚೌಕ ಸಾಕೆಂದುಕೊಂಡರೆ, ಅಂಚು ಮತ್ತು ಗರಗಸದ ಹಾದಿಗೆ ಹೋದದ್ದು ಕಳೆದರೂ ಒಂದು ವೇಫರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಡಯೋಡುಗಳು ಹಿಡಿಯುತ್ತವೆ. ಇಲ್ಲಿಯವರೆಗೆ ಕೆಲಸವೆಲ್ಲ ಸಾಮೂಹಿಕ: ಕುಲುಮೆಯೊಳಗೆ ಹೋದ ವೇಫರಿನ ಮೇಲೆ ಲಕ್ಷಗಟ್ಟಲೆ ತುಣುಕುಗಳು ಒಟ್ಟಿಗೆ ಬೇಯುತ್ತವೆ. ತಟ್ಟೆಯಲ್ಲಿ ಹರಡಿದ ಮೈಸೂರುಪಾಕನ್ನು ಬಿಲ್ಲೆ ಕತ್ತರಿಸಿದಂತೆ ವೇಫರನ್ನು ಕತ್ತರಿಸಿದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಪ್ರತಿ ತುಣುಕನ್ನೂ ಒಂದೊಂದಾಗಿ ಎತ್ತಿ ಲೋಹದ ಚೌಕಟ್ಟಿನ ಮೇಲೆ ಕೂರಿಸಬೇಕು, ಕೂದಲಿಗಿಂತ ತೆಳುವಾದ ತಂತಿ ಬೆಸೆಯಬೇಕು, ರಾಳದಲ್ಲಿ ಮುಚ್ಚಬೇಕು, ಪರೀಕ್ಷಿಸಬೇಕು, ಟೇಪಿನಲ್ಲಿ ಸುತ್ತಬೇಕು. ಪ್ಯಾಕೇಜಿಂಗ್ ಎಂದು ಕರೆಯುವ ಈ ಹಂತ 1960ರ ದಶಕದಲ್ಲೇ ಏಷ್ಯಾಕ್ಕೆ ವಲಸೆ ಬಂದದ್ದು ಕೂಲಿಯ ಅಗ್ಗಕ್ಕಾಗಿ. ಇಂದು ಯಂತ್ರಗಳೇ ಬಹುಪಾಲು ಮಾಡಿದರೂ ಅದು ಇಲ್ಲೇ ಉಳಿದಿದೆ. ನೆಕ್ಸ್‌ಪೀರಿಯಾ ವರ್ಷಕ್ಕೆ 10,000 ಕೋಟಿಗೂ ಹೆಚ್ಚು ತುಣುಕುಗಳನ್ನು ಮಾರುತ್ತದೆ. ವಹಿವಾಟು ವರ್ಷಕ್ಕೆ 200 ಕೋಟಿ ಡಾಲರ್ ಆಸುಪಾಸು. ಭಾಗಿಸಿದರೆ ತಲಾ ಎರಡು ಸೆಂಟ್, ಅಂದರೆ ಎರಡು ರೂಪಾಯಿಯ ಒಳಗೆ. ಇಷ್ಟು ಅಗ್ಗದ ಮಾಲಿಗೆ ಎರಡು ಕಡೆ ಎರಡೆರಡು ಸಾಲು ಯಂತ್ರ ಇಡಲು ಯಾವ ಲೆಕ್ಕಿಗನೂ ಒಪ್ಪುವುದಿಲ್ಲ. ಹಾಗಾಗಿ ಮಲೇಷ್ಯಾ, ಫಿಲಿಪೀನ್ಸ್‌ಗಳಲ್ಲಿ ಘಟಕಗಳಿದ್ದರೂ ಒಟ್ಟು ಉತ್ಪನ್ನದ ಸುಮಾರು ಶೇ. 70 ಭಾಗ ಸಿದ್ಧವಾಗುತ್ತಿದ್ದುದು ದಕ್ಷಿಣ ಚೀನಾದ ಡೋಂಗ್‌ಗುವಾನ್‌ನಲ್ಲಿ.

ಈ ಹರಡುವಿಕೆಯ ಮಹತ್ವ ಗೊತ್ತಾಗಲು ಮೊದಲಿನ ಇನ್ನೊಂದು ಪ್ರಕರಣ ನೆರವಾಗುತ್ತದೆ. 2021ರ ಜುಲೈನಲ್ಲಿ ನೆಕ್ಸ್‌ಪೀರಿಯಾ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ನ್ಯೂಪೋರ್ಟ್ ವೇಫರ್ ಕಾರ್ಖಾನೆಯನ್ನು ಕೊಂಡಿತು. ಮರುವರ್ಷ ನವೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ರಾಷ್ಟ್ರೀಯ ಭದ್ರತೆಯ ಹೊಸ ಕಾನೂನು ಹಿಡಿದು, ಕನಿಷ್ಠ ಶೇ. 86 ಪಾಲು ಮಾರಲೇಬೇಕೆಂದು ಆಜ್ಞೆ ಮಾಡಿತು. ಕಂಪನಿ ಗೊಣಗಿತು, ಕಾರ್ಮಿಕರು ಆತಂಕಪಟ್ಟರು. ಕೊನೆಗೆ ಅಮೆರಿಕದ ವಿಶೇ 17.7 ಕೋಟಿ ಡಾಲರ್‌ಗೆ ಅದನ್ನು ಕೊಂಡು 2024ರ ಮಾರ್ಚ್‌ನಲ್ಲಿ ವ್ಯವಹಾರ ಮುಗಿಸಿತು. ಯಾವ ದೇಶದ ಕಾರು ಕಾರ್ಖಾನೆಯೂ ಇದರಿಂದ ನಿಲ್ಲಲಿಲ್ಲ. ನ್ಯೂಪೋರ್ಟ್ ಒಂದೇ ದೇಶದ ಒಂದೇ ಆವರಣ. ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ಹಸ್ತಾಂತರಿಸಬಹುದಿತ್ತು. ಲಂಡನ್ನಿನ ಆಜ್ಞೆ ತಲುಪಬೇಕಾದ ಎಲ್ಲ ಯಂತ್ರಗಳೂ ಲಂಡನ್ನಿನ ಅಧಿಕಾರದ ಗಡಿಯೊಳಗೇ ಇದ್ದವು.

ಹೇಗ್‌ನ ಡಚ್ ಸರ್ಕಾರದ ಆಜ್ಞೆಗೆ ಆ ಭಾಗ್ಯ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅಮೆರಿಕ ವಿಂಗ್‌ಟೆಕ್ ಅನ್ನು ತನ್ನ ನಿರ್ಬಂಧಿತ ಪಟ್ಟಿಗೆ ಸೇರಿಸಿತ್ತು. 2025ರ ಸೆಪ್ಟೆಂಬರ್ 29ರಂದು, ಅಂಥ ಕಂಪನಿಗಳ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಒಡೆತನದ ಅಂಗಸಂಸ್ಥೆಗಳಿಗೂ ಅದೇ ನಿರ್ಬಂಧ ಎಂದು ಪ್ರಕಟಿಸಿತು. ಮರುದಿನ ಡಚ್ ಸರ್ಕಾರ, ಅದುವರೆಗೆ ಎಂದೂ ಬಳಸದ 1952ರ ಸರಕು ಲಭ್ಯತಾ ಕಾಯ್ದೆಯ ಧೂಳು ಕೊಡವಿ, ನೆಕ್ಸ್‌ಪೀರಿಯಾದ ದೊಡ್ಡ ತೀರ್ಮಾನಗಳನ್ನು ತಡೆಹಿಡಿಯುವ ಅಧಿಕಾರ ತೆಗೆದುಕೊಂಡಿತು. ಆಮ್‌ಸ್ಟರ್‌ಡಾಮಿನ ನ್ಯಾಯಾಲಯ ಝಾಂಗ್ ಅವರನ್ನು ನೆಕ್ಸ್‌ಪೀರಿಯಾದ ಮುಖ್ಯಸ್ಥನ ಸ್ಥಾನದಿಂದ ಅಮಾನತುಗೊಳಿಸಿತು. ಅಕ್ಟೋಬರ್ 4ರಂದು ಚೀನಾದ ವಾಣಿಜ್ಯ ಸಚಿವಾಲಯ ಡೋಂಗ್‌ಗುವಾನ್‌ನಿಂದ ಸಿದ್ಧ ಮಾಲು ಹೊರಹೋಗದಂತೆ ತಡೆಯಿತು. ಅಷ್ಟೇ. ಷೇರು, ಪೇಟೆಂಟು, ನ್ಯಾಯಾಲಯದ ಆದೇಶ ಎಲ್ಲ ನೈಮೆಗನ್ ಕಡೆ. ಹ್ಯಾಂಬರ್ಗ್‌ನಲ್ಲಿ ಬೆಂದ ಸಿಲಿಕಾನ್ ಮಾತ್ರ ಬಂದರು ದಾಟಲಾಗದೆ ಚೀನಾದ ಗೋದಾಮಿನಲ್ಲಿ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ಇನ್ಫಿನಿಯಾನ್, ಆನ್‌ಸೆಮಿ, ರೋಮ್, ವಿಶೇ ಎಲ್ಲರೂ ಡಯೋಡ್ ಮಾಡುತ್ತಾರಲ್ಲ, ಬೇರೆ ಅಂಗಡಿಗೆ ಹೋದರಾಯಿತು. ಫೋನಿನ ಚಾರ್ಜರಾಗಿದ್ದರೆ ಹೋಗಬಹುದಿತ್ತು. ಕಾರಿನ ಬಿಡಿಭಾಗ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಿಂದ ಎಂಜಿನ್ ಪಕ್ಕದ ಬಿಸಿಯವರೆಗೆ, ವರ್ಷಗಟ್ಟಲೆ ಅಲುಗಾಟದಲ್ಲಿ ಬಾಳಬೇಕು. ಇದಕ್ಕೆಂದೇ ಇರುವ ಎಇಸಿ-ಕ್ಯೂ101 ಮಾನದಂಡದಲ್ಲಿ ಕೆಲವು ಪರೀಕ್ಷೆಗಳು ಸಾವಿರ ಗಂಟೆ ನಡೆಯುತ್ತವೆ. ಡಯೋಡಿನ ತಯಾರಕ ಬದಲಾದರೆ ಅದನ್ನು ಕೂರಿಸಿದ ಸರ್ಕ್ಯೂಟ್ ಬೋರ್ಡಿಗೂ ಮತ್ತೆ ಒಪ್ಪಿಗೆ ಬೇಕು, ಆ ಬೋರ್ಡ್ ಇರುವ ಬ್ರೇಕ್ ಘಟಕಕ್ಕೂ ಬೇಕು. ತಿಂಗಳುಗಳ ಕೆಲಸ. ಅದೂ ಅಲ್ಲದೆ, ಸಾವಿರಾರು ಕೋಟಿ ತುಣುಕುಗಳ ಬೇಡಿಕೆ ದಿಢೀರನೆ ಬಂದರೆ ಪೂರೈಸಬಲ್ಲಷ್ಟು ಯಂತ್ರಗಳನ್ನು ಯಾವ ಪ್ರತಿಸ್ಪರ್ಧಿಯೂ ಖಾಲಿ ಇಟ್ಟುಕೊಂಡಿರುವುದಿಲ್ಲ. ಲಾಭದ ಅಂಚು ತೆಳುವಾದ ವ್ಯಾಪಾರದಲ್ಲಿ ಖಾಲಿ ಯಂತ್ರವೇ ನಷ್ಟ. ಹೀಗೆ, ಅಗ್ಗವಾಗಿರುವುದೇ ಈ ಮಾಲಿಗೆ ಬದಲಿ ಸಿಗದಿರಲು ಒಂದು ಕಾರಣವಾಗಿದೆ. ಅರ್ಥಶಾಸ್ತ್ರದ ಮೊದಲ ಪಾಠಕ್ಕೆ ಇದು ವಿರುದ್ಧವೆಂದು ಕಾಣಬಹುದು, ಆದರೆ ಆ ಪಾಠದಲ್ಲಿ ಸಾವಿರ ಗಂಟೆಯ ಪರೀಕ್ಷೆಗಳಿಲ್ಲ.

ಹಾಗಾದರೆ ಗೆದ್ದದ್ದು ಚೀನಾ, ಪ್ಯಾಕೇಜಿಂಗ್ ಹಿಡಿದವನೇ ಒಡೆಯ ಎನ್ನೋಣವೇ? ಹಲವು ವಿಶ್ಲೇಷಕರು ಹಾಗೆ ಬರೆದರು. ನಾನು ಒಪ್ಪುವುದಿಲ್ಲ. ಅಕ್ಟೋಬರ್ ಕೊನೆಯಲ್ಲಿ ಡಚ್ ಕಡೆಯವರು, ಹಣ ಬರುತ್ತಿಲ್ಲವೆಂಬ ಕಾರಣ ಕೊಟ್ಟು, ಡೋಂಗ್‌ಗುವಾನ್‌ಗೆ ವೇಫರ್ ಕಳಿಸುವುದನ್ನೇ ನಿಲ್ಲಿಸಿದರು. ಕತ್ತರಿಸಲು ವೇಫರ್ ಇಲ್ಲದಿದ್ದರೆ ಕತ್ತರಿಸುವ ಯಂತ್ರಕ್ಕೆ ಬೆಲೆಯಿಲ್ಲ. ಚೀನಾದೊಳಗಿನ ವೇಫರ್ ತಂದು ತುಂಬಿಸಬಹುದಲ್ಲ ಎಂದರೆ, ಮೇಲೆ ಹೇಳಿದ ಪರೀಕ್ಷೆಗಳ ಗೋಡೆ ಅಲ್ಲೂ ಎದುರಾಗುತ್ತದೆ: ಸಿಲಿಕಾನಿನ ಮೂಲ ಬದಲಾದ ಡಯೋಡ್ ಗಿರಾಕಿಯ ಕಣ್ಣಿಗೆ ಹೊಸ ಡಯೋಡ್. ಕಾರು ಕಾರ್ಖಾನೆಗೆ ಬೇಕಾದದ್ದು ಎರಡೂ ಕಡೆಯ ಕೆಲಸ ಮುಗಿದ ಮಾಲು. ಅದನ್ನು ನಿಲ್ಲಿಸುವ ಶಕ್ತಿ ಇಬ್ಬರಿಗೂ ಇದೆ, ಒಬ್ಬನೇ ನಡೆಸುವ ಶಕ್ತಿ ಇಬ್ಬರಿಗೂ ಇಲ್ಲ. ಅಕ್ಟೋಬರ್ 30ರಂದು ಬುಸಾನ್‌ನಲ್ಲಿ ಟ್ರಂಪ್ ಮತ್ತು ಷಿ ಭೇಟಿಯಾದ ಮೇಲೆ ಚೀನಾ ನಾಗರಿಕ ಬಳಕೆಯ ಮಾಲಿಗೆ ವಿನಾಯಿತಿ ಕೊಟ್ಟದ್ದೂ, ನವೆಂಬರ್ 19ರಂದು ಡಚ್ ಸಚಿವ ವಿನ್ಸೆಂಟ್ ಕಾರೆಮಾನ್ಸ್ ತಮ್ಮ ಆಜ್ಞೆಯನ್ನು ಅಮಾನತಿನಲ್ಲಿಟ್ಟದ್ದೂ ಔದಾರ್ಯದಿಂದಲ್ಲ. ಆದರೂ ಝಾಂಗ್ ಅವರ ಮೇಲಿನ ನ್ಯಾಯಾಲಯದ ಕ್ರಮ ಹಾಗೇ ಉಳಿಯಿತು, ಕಂಪನಿಯ ಎರಡು ತುಂಡುಗಳು ಒಂದನ್ನೊಂದು ದೂರುತ್ತಲೇ ಇದ್ದವು.

ಒಡೆಯನಿಗೆ ಈ ಸತ್ಯ ಮೊದಲೇ ಹೊಳೆದಿತ್ತು ಎನ್ನುವುದಕ್ಕೆ ನ್ಯಾಯಾಲಯದ ಕಡತದಲ್ಲೇ ಸುಳಿವಿದೆ. ಶಾಂಘೈಯಲ್ಲಿ ವಿಂಗ್‌ಸ್ಕೈ ಎಂಬ 300 ಮಿಲಿಮೀಟರ್ ವೇಫರ್ ಕಾರ್ಖಾನೆಯೊಂದಿದ್ದು, ಅದು ಝಾಂಗ್ ಅವರದೇ ಬಳಗಕ್ಕೆ ಸೇರಿದ್ದು. 2025ರಲ್ಲಿ ನೆಕ್ಸ್‌ಪೀರಿಯಾಗೆ ಅಲ್ಲಿಂದ ಬೇಕಾಗಿದ್ದದ್ದು 7ರಿಂದ 8 ಕೋಟಿ ಡಾಲರ್ ಮೌಲ್ಯದ ವೇಫರ್, ಆದರೆ 20 ಕೋಟಿ ಡಾಲರ್‌ನಷ್ಟು ಖರೀದಿಸುವಂತೆ ಒತ್ತಡ ಬಂತು ಎಂಬುದು ಅಲ್ಲಿ ದಾಖಲಾದ ಆರೋಪ. ತಮ್ಮಿಂದ ತಪ್ಪಾಗಿಲ್ಲವೆಂದು ವಿಂಗ್‌ಟೆಕ್ ವಾದಿಸುತ್ತಾ ಬಂದಿದೆ. ಆರೋಪದ ನಿಜಸುಳ್ಳು ನ್ಯಾಯಾಧೀಶರಿಗೆ ಬಿಟ್ಟದ್ದು. ಆದರೆ ತಾಂತ್ರಿಕವಾಗಿ ನೋಡಿದರೆ ಶಾಂಘೈ ಕಾರ್ಖಾನೆ ಹ್ಯಾಂಬರ್ಗ್‌ನ ಜಾಗ ತುಂಬುವ ದಿನ ಬಂದಿದ್ದರೆ ವೇಫರಿನಿಂದ ಟೇಪಿನವರೆಗೆ ಇಡೀ ಸರಪಳಿ ಒಂದೇ ದೇಶದೊಳಗೆ ಕೂರುತ್ತಿತ್ತು, ಒಡೆತನದ ಪತ್ರಕ್ಕೆ ನಿಜವಾದ ಬಲ ಬರುತ್ತಿತ್ತು. ಹಳೆಯ ತಂತ್ರದಲ್ಲಿ ಕದಿಯಲು ಏನಿದೆ ಎಂದು ಕೇಳುವವರು ಒಂದು ಮಾತು ಗಮನಿಸುವುದಿಲ್ಲ: ಕುಲುಮೆಯ ಶಾಖ, ಪದರಗಳ ದಪ್ಪ, ಲಕ್ಷಕ್ಕೆ ಎಷ್ಟು ಕೆಡುತ್ತವೆ ಎಂಬ ದಶಕಗಳ ದಾಖಲೆ ಇವು ಹಳೆಯ ಕಾರ್ಖಾನೆಯ ಆಸ್ತಿ. ಕಾರು ಕಂಪನಿ ನಂಬುವುದು ಆ ದಾಖಲೆಯನ್ನು.

ಭಾರತದಲ್ಲಿ ಈಗ ಎದ್ದಿರುವ ಚಿಪ್ ಘಟಕಗಳಲ್ಲಿ ಹೆಚ್ಚಿನವು ಪ್ಯಾಕೇಜಿಂಗ್‌ನವು. ಅಸ್ಸಾಮಿನ ಜಾಗಿರೋಡ್‌ನಲ್ಲಿ ಟಾಟಾ, ಗುಜರಾತಿನ ಸಾಣಂದದಲ್ಲಿ ಮೈಕ್ರಾನ್, ಮೈಸೂರು ಮೂಲದ ಕೇನ್ಸ್ ಮೊದಲಾದವರದು. ಇದು ಚಿಪ್ ತಯಾರಿಕೆಯೇ ಅಲ್ಲ, ಡಬ್ಬಿಗೆ ತುಂಬುವ ಕೆಲಸ ಎಂದು ಮೂಗು ಮುರಿಯುವವರಿಗೆ ಡೋಂಗ್‌ಗುವಾನ್ ಅರ್ಧ ಉತ್ತರ ಕೊಟ್ಟಿದೆ. ಉಳಿದರ್ಧ ಅಷ್ಟು ಹಿತವಾದದ್ದಲ್ಲ. ಕೇನ್ಸ್ ಘಟಕಕ್ಕೆ ಒಪ್ಪಿಗೆ ಸಿಕ್ಕಾಗ ಹೇಳಿದ ಸಾಮರ್ಥ್ಯ ದಿನಕ್ಕೆ 60 ಲಕ್ಷ ಚಿಪ್, ವರ್ಷಕ್ಕೆ ಸುಮಾರು 219 ಕೋಟಿ. ಚಿಪ್‌ಗಳ ಬಗೆ ಬೇರೆಯಾದರೂ ಎಣಿಕೆಯಲ್ಲಿ ಇದು ನೆಕ್ಸ್‌ಪೀರಿಯಾದ ಮಾಲಿನ ಸುಮಾರು 45ನೇ ಒಂದು ಪಾಲು. ಆ 60 ಲಕ್ಷಕ್ಕೆ ಬೇಕಾದ ವೇಫರುಗಳು ಸದ್ಯಕ್ಕೆ ಬರಬೇಕಾದದ್ದು ಬಹುಮಟ್ಟಿಗೆ ಹೊರದೇಶಗಳಿಂದ.