ಕೃಪೆ ಸಿಕ್ಕರೆ ಬಾಕಿ ಚುಕ್ತಾನಾ?

'ಮಾಡಿದ್ದುಣ್ಣೋ ಮಹರಾಯ' ಅನ್ನೋದು ನಮ್ಮೆಲ್ಲರ ಮನೆಯ ಗಾದೆ. ಕ್ರೈಸ್ತ ನಂಬಿಕೆಯ ನಡುಮಧ್ಯೆ ಇರೋದು ಇದಕ್ಕೆ ಎದುರು ನಿಲ್ಲುವ ಮಾತು: ನೀನು ಮಾಡಿದ್ದನ್ನು ಇನ್ನೊಬ್ಬರು ಉಂಡಾಗಿದೆ, ನೀನು ಬಿಡುಗಡೆ. ಕಥೋಲಿಕರು ಇದನ್ನು ವರಪ್ರಸಾದ ಅಂತಾರೆ, ಪ್ರಾಟೆಸ್ಟೆಂಟರು ಕೃಪೆ ಅಂತಾರೆ. ಹಲಸೂರಿನ ನಮ್ಮ ಅರ್ಧ ತಮಿಳು, ಅರ್ಧ ಕನ್ನಡದ ಮನೆಯಲ್ಲಿ ಅಜ್ಜಿಗೆ ಅದು 'ಕಿರುಬೈ'.

ಹಿಂದೆ ಇದರ ಅರ್ಥವನ್ನು ಭಾನುವಾರ ಪಾದ್ರಿಗಳು ಹೇಳ್ತಿದ್ರು. ಈಗ ನೇರಳೆ ಮಾರ್ಗದ ಮೆಟ್ರೋದಲ್ಲಿ ಇಂದಿರಾನಗರದಿಂದ ಕೆ.ಆರ್. ಪುರ ತಲುಪೋದರೊಳಗೆ ಕಿವಿಯಲ್ಲೇ ಒಂದು ಪ್ರಸಂಗ ಮುಗಿಯುತ್ತೆ. ನನ್ನ ವಯಸ್ಸಿನ ಕ್ರೈಸ್ತ ಗೆಳೆಯರ ಫೋನುಗಳಲ್ಲಿ ಎರಡು ಹೆಸರು ಮತ್ತೆ ಮತ್ತೆ ಕಾಣಿಸುತ್ತವೆ. ಒಬ್ಬರು ಸಿಂಗಪುರದ ಜೋಸೆಫ್ ಪ್ರಿನ್ಸ್. ಇನ್ನೊಬ್ಬರು ನಮ್ಮ ಕಂಟೋನ್ಮೆಂಟಿನವರೇ ಆದ ಜ್ಯಾಕ್ ಪೂನನ್. ಇಬ್ಬರೂ ಕೃಪೆಯ ಬಗ್ಗೆಯೇ ಮಾತಾಡ್ತಾರೆ, ಆದರೆ ಒಬ್ಬರು ಹೇಳುವ ಕೃಪೆ ಇನ್ನೊಬ್ಬರದ್ದಲ್ಲ.

ಒಂದೇ ಪದ, ಎರಡು ಅರ್ಥ

ಪ್ರಿನ್ಸ್ ಅವರು ನ್ಯೂ ಕ್ರಿಯೇಷನ್ ಚರ್ಚಿನ ಪಾಸ್ಟರ್. 2007ರಲ್ಲಿ ಬಂದ 'ಡೆಸ್ಟಿನ್ಡ್ ಟು ರೇನ್' ಅವರನ್ನು ಜಗತ್ತಿಗೆ ಪರಿಚಯಿಸಿದ ಪುಸ್ತಕ. ಅದರ ತಿರುಳು ಇಷ್ಟು: ಯೇಸುವನ್ನು ನಂಬಿದವರ ಹಿಂದಿನ, ಇಂದಿನ, ಮುಂದಿನ ಪಾಪಗಳೆಲ್ಲ ಶಿಲುಬೆಯ ಮೇಲೆ ಒಂದೇ ಸಲಕ್ಕೆ ಕ್ಷಮಿಸಲ್ಪಟ್ಟಿವೆ. ಹಾಗಾಗಿ ಕ್ಷಮೆಗೋಸ್ಕರ ಪಾಪಗಳನ್ನು ದಿನಾ ಎಣಿಸಿ ಒಪ್ಪಿಕೊಳ್ಳುತ್ತಾ ಕೂರಬೇಕಿಲ್ಲ. ಪವಿತ್ರಾತ್ಮ ಬರೋದು ನಂಬಿದವರ ತಪ್ಪನ್ನು ಎತ್ತಿ ತೋರಿಸೋಕಲ್ಲ, ಅವರು ನೀತಿವಂತರೆಂದು ನೆನಪಿಸೋಕೆ. ನಂಬಿಕೆ ಸರಿಯಾದರೆ ನಡತೆ ತಾನಾಗೇ ಸರಿಯಾಗುತ್ತೆ.

ಪೂನನ್ ಅವರು ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವರು. ಅವರು 1975ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕ್ರಿಶ್ಚಿಯನ್ ಫೆಲೋಶಿಪ್ ಚರ್ಚ್ ಇರೋದು ವೀಲರ್ ರಸ್ತೆ ವಿಸ್ತರಣೆಯ ಡಕೋಸ್ಟಾ ಸ್ಕ್ವೇರ್‌ನಲ್ಲಿ. ಅಲ್ಲಿನ ಹಿರಿಯರು ಸಂಬಳ ತೆಗೆದುಕೊಳ್ಳೋದಿಲ್ಲ. ಅವರ ಪುಸ್ತಕಗಳು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿಗುತ್ತವೆ. ಅವರ ಪ್ರಕಾರ ಕರುಣೆ ಬೇರೆ, ಕೃಪೆ ಬೇರೆ. ಹಿಂದಿನ ಪಾಪಕ್ಕೆ ಸಿಗುವ ಕ್ಷಮೆ ಕರುಣೆ. ಮುಂದೆ ಪಾಪ ಮಾಡದ ಹಾಗೆ ಸಿಗುವ ಬಲ ಕೃಪೆ. ನಿಮ್ಮ ಸಿಟ್ಟು, ದುಡ್ಡಿನಾಸೆ, ಕಣ್ಣಿನ ಚಪಲ ನಿಮ್ಮನ್ನು ಆಳ್ತಾನೇ ಇದ್ದರೆ ನಿಮ್ಮಲ್ಲಿರೋದು ನಿಜವಾದ ಕೃಪೆಯಾ ಅಂತ ಅವರು ಕೇಳ್ತಾರೆ.

ಕ್ರೈಸ್ತರಲ್ಲದ ಓದುಗರಿಗೂ ಈ ಜಗಳ ಹೊಸದೇನಲ್ಲ. ಶ್ರೀವೈಷ್ಣವರಲ್ಲಿ ಮಾರ್ಜಾಲ ನ್ಯಾಯ, ಮರ್ಕಟ ನ್ಯಾಯ ಅಂತ ಇದೆಯಲ್ಲ? ಬೆಕ್ಕಿನ ಮರಿ ಸುಮ್ಮನಿದ್ದರೆ ಸಾಕು, ತಾಯಿಯೇ ಕಚ್ಚಿಕೊಂಡು ಹೋಗುತ್ತೆ. ಕೋತಿಮರಿ ಹಾಗಲ್ಲ, ತಾನೇ ತಾಯಿಯನ್ನು ಅವಚಿಕೊಳ್ಳಬೇಕು. ಪ್ರಿನ್ಸ್ ಬೆಕ್ಕಿನ ಪಕ್ಷದವರು. ಪೂನನ್ ಕೋತಿಮರಿಯ ಕಡೆಗೆ ವಾಲುತ್ತಾರೆ, ಅಪ್ಪಿಕೊಳ್ಳುವ ಶಕ್ತಿಯನ್ನೂ ದೇವರೇ ಕೊಡ್ತಾನೆ ಅಂತ ಮಾತ್ರ ಸೇರಿಸ್ತಾರೆ.

ಅತ್ತೆಯ ಚೀಟಿ

ಪುಸ್ತಕದಲ್ಲಿರೋದು ಮನೆಗೆ ಬಂದಾಗ ಏನಾಗುತ್ತೆ? ಕೆ.ಆರ್. ಪುರದಲ್ಲಿರೋ ನನ್ನ ಸೋದರತ್ತೆ ಬಟ್ಟೆ ಹೊಲಿದು ಬದುಕಿದವರು. ದೊಡ್ಡಪ್ಪನ ಮಗ ನಡೆಸ್ತಿದ್ದ ಚೀಟಿಗೆ ತಿಂಗಳಿಗೆ 2,000 ರೂಪಾಯಿಯಂತೆ 20 ತಿಂಗಳು ಕಟ್ಟಿದ್ರು. ಚೀಟಿ ಎತ್ತೋ ಹೊತ್ತಿಗೆ ಅಣ್ಣ ಫೋನ್ ಆಫ್ ಮಾಡಿ ಊರು ಬಿಟ್ಟ. 40,000 ರೂಪಾಯಿ ಹೋಯ್ತು.

ನಾಲ್ಕು ವರ್ಷದ ಮೇಲೆ ಅಣ್ಣ ಬೇರೆ ಮನುಷ್ಯನಾಗಿ ಬಂದ. ಕುಡಿತ ಬಿಟ್ಟಿದ್ದ, ಮುಖದಲ್ಲಿ ಕಳೆ ಇತ್ತು. ದೇವರು ತನ್ನನ್ನು ತಳ್ಳಿಲ್ಲ ಅನ್ನೋ ಬೋಧನೆ ಅವನನ್ನು ಎತ್ತಿ ನಿಲ್ಲಿಸಿತ್ತು, ಇದರಲ್ಲಿ ನನಗೆ ಅನುಮಾನ ಇಲ್ಲ. ಕ್ರಿಸ್ಮಸ್‌ಗೆ ಕಲ್‌ಕಲ್ ಡಬ್ಬಿ ಹಿಡಿದು ಅತ್ತೆ ಮನೆಗೆ ಬಂದವನು, ಚೀಟಿ ಮಾತು ಬಂದ ಕೂಡಲೇ, "ಅದೆಲ್ಲಾ ಶಿಲುಬೆ ಮೇಲೇ ತೀರೋಯ್ತು ಅತ್ತೆ, ಹಳೇದನ್ನ ಯಾಕೆ ತೆಗೀತೀರಾ?" ಅಂದ.

ಅತ್ತೆ ದನಿ ಎತ್ತಲಿಲ್ಲ. "ನಿನ್ನ ಪಾಪ ಅಲ್ಲಿ ತೀರ್ತಪ್ಪ, ಒಪ್ಪಿದೆ. ನನ್ನ ದುಡ್ಡು ಎಲ್ಲಿ ತೀರ್ತು?" ಅಂದ್ರು.

ದುಡ್ಡು ಇನ್ನೂ ಬಂದಿಲ್ಲ. ಅತ್ತೆ ಅವನನ್ನು ಊಟಕ್ಕೆ ಕರೆಯೋದು ಬಿಟ್ಟಿಲ್ಲ, ಲೆಕ್ಕದ ಪುಸ್ತಕ ಹರಿದೂ ಹಾಕಿಲ್ಲ. ಕ್ಷಮೆ ಬೇರೆ, ಬಾಕಿ ಬೇರೆ ಅಂತ ನನಗೆ ಅರ್ಥ ಮಾಡಿಸಿದ್ದು ಯಾವ ಪುಸ್ತಕವೂ ಅಲ್ಲ, ಅವರು.

ಪಾಪ ಮಾಡೋಕೆ ಕೃಪೆ ಪರವಾನಗಿ ಅಲ್ಲ ಅಂತ ಪ್ರಿನ್ಸ್ ಸ್ವತಃ ಹೇಳ್ತಾರೆ. ಅಣ್ಣನ ಬಾಕಿಯನ್ನು ಅವರ ಲೆಕ್ಕಕ್ಕೆ ಬರೆಯೋದು ಅನ್ಯಾಯ. ಆದರೆ ಪಾಪ ಅನ್ನೋದು ನನ್ನ ಮತ್ತು ದೇವರ ನಡುವಿನ ಮಾತು ಮಾತ್ರ ಅಂತಾದಾಗ, ಪೆಟ್ಟು ತಿಂದ ಮೂರನೆಯವರು ಚಿತ್ರದಿಂದಲೇ ಮರೆಯಾಗ್ತಾರೆ. ಪೂನನ್ ಇಲ್ಲಿ ಗಟ್ಟಿ. ಯಾರದ್ದಾದರೂ ದುಡ್ಡು ತಿಂದಿದ್ದರೆ ಹಿಂದಿರುಗಿಸು, ನೋಯಿಸಿದ್ದರೆ ಹೋಗಿ ಕ್ಷಮೆ ಕೇಳು ಅಂತ ಅವರು ನೇರವಾಗಿ ಹೇಳ್ತಾರೆ. ಬೈಬಲ್ಲಿನ ಜಕ್ಕಾಯ ಮೋಸದಿಂದ ಕಸಿದಿದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದವನು. ಅವನಿಗೂ ಸಿಕ್ಕಿದ್ದು ಕೃಪೆಯೇ.

ಇನ್ನೊಂದು ತುದಿ

ಹಾಗಂತ ಕಟ್ಟುನಿಟ್ಟೇ ಮದ್ದು ಅನ್ನೋ ಹಾಗೂ ಇಲ್ಲ. ನನ್ನ ಒಬ್ಬ ಸಹೋದ್ಯೋಗಿ 'ಪಾಪದ ಮೇಲೆ ಜಯ' ಅನ್ನೋ ಪ್ರಸಂಗಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ಕೇಳ್ತಿದ್ದಳು. ಫೋನಿನ ನೋಟ್ಸಿನಲ್ಲಿ ದಿನದ ತಪ್ಪುಗಳ ಪಟ್ಟಿ. ಮೀಟಿಂಗಿನಲ್ಲಿ ಮ್ಯಾನೇಜರ್ ಮೇಲೆ ಸಿಟ್ಟು ಬಂದರೆ ಆ ರಾತ್ರಿ ನಿದ್ದೆ ಇಲ್ಲ. ಕೊನೆಗೆ ಚರ್ಚಿನಲ್ಲಿ ಪ್ರಭುಭೋಜನ ತೆಗೆದುಕೊಳ್ಳೋದನ್ನೇ ನಿಲ್ಲಿಸಿದಳು. "ಈ ವಾರನೂ ಸೋತೆ ಕಣೇ" ಅಂತಿದ್ದಳು.

ಇದನ್ನೂ ಒಬ್ಬ ಬೋಧಕರ ತಲೆಗೆ ಕಟ್ಟಲಾರೆ. ಪೂನನ್ ಜಯ ಅನ್ನೋದು ತಿಳಿದೂ ಮಾಡುವ ಪಾಪದ ಮೇಲೆ, ನಮಗೇ ಕಾಣದ ತಪ್ಪುಗಳು ಉಳಿದೇ ಇರುತ್ತವೆ ಅಂತ ಬಿಡಿಸಿ ಹೇಳ್ತಾರೆ. ದೇವರು ಯೇಸುವನ್ನು ಪ್ರೀತಿಸಿದಷ್ಟೇ ನಿಮ್ಮನ್ನೂ ಪ್ರೀತಿಸ್ತಾನೆ ಅನ್ನೋದು ಅವರ ನೆಚ್ಚಿನ ಮಾತು. ಆದರೂ ಕೃಪೆಯ ಗುರುತೇ ಜಯ ಅಂದಾಗ, ಸೂಕ್ಷ್ಮ ಮನಸ್ಸಿನವರು ಕ್ರಿಸ್ತನನ್ನು ಬಿಟ್ಟು ತಮ್ಮ ಅಂಕಪಟ್ಟಿಯನ್ನೇ ನೋಡ್ತಾ ಕೂರುವ ಅಪಾಯ ಇದೆ. ಪೌಲನ ದೇಹದಲ್ಲಿದ್ದ 'ಮುಳ್ಳು' ಮೂರು ಸಲ ಬೇಡಿಕೊಂಡರೂ ಹೋಗಲಿಲ್ಲ. ಆಗ ಅವನಿಗೆ ಸಿಕ್ಕ ಉತ್ತರ ಕೃಪೆ ಸಾಕು ಅಂತ. ಅಲ್ಲಿ ಕೃಪೆ ಅಂದರೆ ಮುಳ್ಳು ಕೀಳುವ ಚಿಮಟ ಅಲ್ಲ, ಮುಳ್ಳಿನ ಜೊತೆಗೇ ಬದುಕಿಸುವ ಆಸರೆ. ಆ ಗೆಳತಿಗೆ ಆಗ ಬೇಕಿದ್ದದ್ದು ಪ್ರಿನ್ಸ್ ಹೇಳುವ ಅರ್ಧ.

ಪುಸ್ತಕ ತೆರೆದು ನೋಡಿದಾಗ

ಪ್ರಿನ್ಸ್ ಅವರ ವಾದ ನಿಂತಿರೋದು ಬಹುಮಟ್ಟಿಗೆ ಯೋಹಾನನ ಮೊದಲ ಪತ್ರದ ಒಂದು ವಚನದ ಮೇಲೆ. ಪಾಪಗಳನ್ನು ಒಪ್ಪಿಕೊಂಡರೆ ದೇವರು ಕ್ಷಮಿಸ್ತಾನೆ ಅನ್ನೋ ಆ ಮಾತು (1:9) ವಿಶ್ವಾಸಿಗಳಿಗಲ್ಲ, ಸಭೆಯೊಳಗೆ ನುಸುಳಿದ್ದ ನಾಸ್ಟಿಕ್ ಪಂಥದವರಿಗೆ ಅಂತಾರೆ ಅವರು. ನಾನು ಆ ಅಧ್ಯಾಯವನ್ನು ನಿಧಾನವಾಗಿ ಓದಿದೆ. ಬರೆದವನು ಅಲ್ಲಿ 'ಅವರು' ಅನ್ನೋದಿಲ್ಲ, 'ನಾವು' ಅಂತಾನೆ. ತನ್ನನ್ನೂ ಸೇರಿಸಿಕೊಂಡೇ ಹೇಳ್ತಾನೆ. ಮುಂದಿನ ಅಧ್ಯಾಯ ಶುರುವಾಗೋದೂ ಮಕ್ಕಳನ್ನು ಕರೆಯುವ ಅಕ್ಕರೆಯ ಮಾತಿಂದ. ಹೊರಗಿನವರಿಗೆ ಬರೆದ ಹಾಗೆ ನನಗಂತೂ ಕಾಣಲಿಲ್ಲ. ಅಮೆರಿಕದ ಮೈಕೆಲ್ ಬ್ರೌನ್ 2014ರಲ್ಲಿ 'ಹೈಪರ್-ಗ್ರೇಸ್' ಅಂತ ಪುಸ್ತಕ ಬರೆದು ಇಂಥ ವಾದಗಳನ್ನೇ ಪ್ರಶ್ನಿಸಿದ್ದಾರೆ. ಅದಕ್ಕೂ ಎಷ್ಟೋ ಮೊದಲು, 1937ರಲ್ಲಿ, ಜರ್ಮನಿಯ ಡೀಟ್ರಿಶ್ ಬಾನ್‌ಹಾಫರ್ 'ಅಗ್ಗದ ಕೃಪೆ'ಯ ವಿರುದ್ಧ ಬರೆದಿದ್ದರು. 1945ರಲ್ಲಿ ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಗುರುಗಳ ಮುಂದೆ ಮಾಡುವ ಪಾಪನಿವೇದನೆ, ನಮ್ಮ ಸಿ.ಎಸ್.ಐ. ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ತಪ್ಪೊಪ್ಪಿಗೆ, ಇವೆರಡರ ವಿಧಾನ ಬೇರೆ. ಆದರೆ ಒಪ್ಪಿಕೊಳ್ಳೋದು ಅವಮಾನ ಅಲ್ಲ, ಅದು ಹಗುರಾಗುವ ದಾರಿ ಅನ್ನೋದು ಎರಡರಲ್ಲೂ ಒಂದೇ.

ಹೆಡ್‌ಫೋನ್ ಹಾಕೋ ಮುಂಚೆ

ಯಾವ ಬೋಧಕರನ್ನೇ ಕೇಳಿ, ಮೂರು ಪ್ರಶ್ನೆ ಇಟ್ಟುಕೊಳ್ಳಿ. ಈ ಬೋಧನೆಯಲ್ಲಿ ನನ್ನಿಂದ ನೊಂದವರಿಗೆ ಜಾಗ ಇದೆಯಾ? ನಾನು ಮತ್ತೆ ಬಿದ್ದ ದಿನ ಇದು ನನ್ನನ್ನು ದೇವರ ಹತ್ತಿರ ಕಳಿಸುತ್ತಾ, ಅಥವಾ ಮುಖ ಮುಚ್ಚಿಕೊಳ್ಳೋ ಹಾಗೆ ಮಾಡುತ್ತಾ? ಇವರು ತೋರಿಸುವ ವಚನದ ಹಿಂದೆ ಮುಂದೆ ಏನಿದೆ?

ನನ್ನ ತೂಕದಲ್ಲಿ, ತಾನು ಯಾರಿಗೂ ಬೇಡ ಅಂತ ಕುಸಿದು ಕೂತವರಿಗೆ ಪ್ರಿನ್ಸ್ ಔಷಧ. ಎಲ್ಲಾ ಮಾಫಿಯಾಗಿದೆ ಅಂತ ಹಾಯಾಗಿರೋರಿಗೆ ಪೂನನ್ ಔಷಧ. ಕಷ್ಟ ಏನಂದರೆ ನಾವು ಸಾಮಾನ್ಯವಾಗಿ ನಮ್ಮ ಕಾಯಿಲೆಗೆ ಬೇಕಾದ್ದನ್ನು ಬಿಟ್ಟು ನಾಲಿಗೆಗೆ ಹಿತವಾದ್ದನ್ನೇ ಆರಿಸಿಕೊಳ್ತೀವಿ. ಆರಾಮಾಗಿರೋರು ಇನ್ನಷ್ಟು ಆರಾಮು ಹುಡುಕ್ತಾರೆ, ಹೆದರಿದವರು ಇನ್ನಷ್ಟು ಹೆದರಿಸೋರನ್ನೇ ಹುಡುಕ್ತಾರೆ.

ನಿಮ್ಮ ಮನೆಯ ನಂಬಿಕೆ ಯಾವುದೇ ಇರಲಿ, ಕ್ಷಮೆ ಮತ್ತು ಬಾಕಿಯ ಲೆಕ್ಕ ನಿಮ್ಮಲ್ಲಿ ಹೇಗೆ ಬಗೆಹರಿಯುತ್ತೆ? ನಮ್ಮ ಓದುಗರ ಅಂಕಣಕ್ಕೆ ಬರೆದು ಕಳಿಸಿ. ಯಾರಿಗಾದರೂ ಕೊಡೋದು ಬಾಕಿ ಇದ್ದರೆ, ಮೊದಲು ಅದನ್ನು ಕಳಿಸಿ.